ಇಡ್ಲಿ ಯಂತ್ರಕ್ಕೆ ಬಾಯಿ ಬಂದರೆ
2022ರಲ್ಲಿ ಬೆಂಗಳೂರಿನಲ್ಲಿ ‘ಇಡ್ಲಿ ಎಟಿಎಂ’ ದೊಡ್ಡ ಸುದ್ದಿಯಾಯಿತು. ಫ್ರೆಶಾಟ್ ರೋಬೋಟಿಕ್ಸ್‌ನವರ ಯಂತ್ರ; ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಟ್ಟಿದರೆ ಸುಮಾರು 12 ನಿಮಿಷದಲ್ಲಿ ಬಿಸಿ ಇಡ್ಲಿ, ಜೊತೆಗೆ ಚಟ್ನಿ. ಅಪರಾತ್ರಿ ಹಸಿದವರಿಗೆ ಅನುಕೂಲವೇ, ಬಿಡಿ. ಆದರೆ ಸಾಂಬಾರ್ ಇಲ್ಲದ ಇಡ್ಲಿ ನನ್ನ ಮಟ್ಟಿಗೆ ಅರ್ಧ ತಿಂಡಿ. ಇಂಥದ್ದು ನಮ್ಮ ಭದ್ರಾವತಿಗೆ ಬಂದರೂ, ಅದು ಯಂತ್ರ ನೋಡಿ ಬಾಯಿ ಬಿಡುವ ಊರಲ್ಲ. 1923ರಿಂದ ಕಬ್ಬಿಣ ಕರಗಿಸಿದ ಜನ, ‘ಕೆಟ್ಟರೆ ರಿಪೇರಿ ಮಾಡೋರ್ಯಾರು?’ ಅಂತಲೇ ಮೊದಲು ಕೇಳುವವರು. ಇನ್ನು ಈ ಇಡ್ಲಿ ಯಂತ್ರಕ್ಕೆ ಮಾತು ಕಲಿಸಿದರೆ? ‘ಧನ್ಯವಾದಗಳು, ಮತ್ತೆ ಬನ್ನಿ’ ಅನ್ನಿಸುವುದು ಸುಲಭ. ಇಡೀ ತಿಂಡಿಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸಿ, ‘ಸಾರ್, ವಡೆ ತಣ್ಣಗಾಗಿದೆ, ಬೇಡ’ ಎಂದು ಮೆಲ್ಲಗೆ ಹೇಳುವ ನಮ್ಮ ಸಪ್ಲೈಯರ್‌ಗಳ ಮಟ್ಟಕ್ಕೆ ಅದು ಬರಲಿ, ಆಮೇಲೆ ನೋಡೋಣ.