ಹುಕ್ಕಾ ಟಿಪ್ಸ್ ಕೇಳಿದ್ರಲ್ಲಾ, ತಗೊಳ್ಳಿ

1/6

"ಅಣ್ಣ, ಮನೇಲೇ ಹುಕ್ಕಾ ಹಾಕೋದು ಹೆಂಗೆ? ಫಸ್ಟ್ ಟೈಮ್. ಟಿಪ್ಸ್ ಹಾಕಿ."

ಹೋದ ತಿಂಗಳು ವಡೆ ಬಗ್ಗೆ ಹಾಕಿದ್ದ ಪೋಸ್ಟ್ ಆದ್ಮೇಲೆ ಇನ್‌ಬಾಕ್ಸ್‌ಗೆ ಬಂದ ಮೆಸೇಜ್ ಇದು. ಕಳಿಸಿದವನು ನಮ್ಮ ಮದ್ದೂರು ಕಡೆ ಹುಡುಗ, ಇನ್ನೂ ಪಿಯುಸಿ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಯಾಕಂದ್ರೆ ಒಂದು ಕಾಲಕ್ಕೆ ಇದೇ ಪ್ರಶ್ನೆನ ನಾನೂ ಯೂಟ್ಯೂಬ್‌ಗೆ ಕೇಳಿದ್ದೆ.

ನಮ್ಮೂರಲ್ಲಿ ಇರೋರಿಗೆ ಹುಕ್ಕಾ ಅಂದ್ರೆ ಬೆಂಗಳೂರು. ಅಲ್ಲಿ ಕೆಲಸ ಮಾಡೋ ಕಸಿನ್ ಹೇಳಿದ ಕಥೆ, ಕೋರಮಂಗಲ, ಮಂದ ಲೈಟು, ಸ್ಟೋರಿಯಲ್ಲಿ ಹೊಗೆ. 2024ರ ಫೆಬ್ರವರಿ 7ಕ್ಕೆ ಕರ್ನಾಟಕ ಸರ್ಕಾರ ಹುಕ್ಕಾ ಬ್ಯಾನ್ ಮಾಡ್ತು. ಮಾರೋದು, ಸೇದೋದು, ದಾಸ್ತಾನು ಇಡೋದು, ಜಾಹೀರಾತು ಹಾಕೋದು, ಎಲ್ಲಾನೂ. ನಿಕೋಟಿನ್ ಇಲ್ಲದ್ದು, ಫ್ಲೇವರ್ ಇರೋದು, ಇಲ್ಲದ್ದು ಅಂತ ವಿನಾಯಿತಿ ಏನೂ ಇಲ್ಲ. ಮಾಲೀಕರು ಕೋರ್ಟಿಗೆ ಹೋದ್ರು. ಅದೇ ವರ್ಷ ಏಪ್ರಿಲ್‌ನಲ್ಲಿ ಹೈಕೋರ್ಟ್ ಸರ್ಕಾರದ ಆದೇಶವನ್ನ ಎತ್ತಿಹಿಡೀತು. 2025ರಲ್ಲಿ ಕಾಯ್ದೆ ತಿದ್ದುಪಡಿನೂ ಬಂತು: ಹುಕ್ಕಾ ಬಾರ್ ನಡೆಸಿದ್ರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷದವರೆಗೆ ದಂಡ. ತಂಬಾಕು ಮಾರೋಕೆ ಗಿರಾಕಿ ವಯಸ್ಸು 18 ಅಲ್ಲ, 21 ಆಗಿರಬೇಕು.

ಬಾರ್ ಮುಚ್ಚಿತು. ಪಾಟ್ ಮನೆಗೆ ಬಂತು.

ಈ ಆರು ಪೋಸ್ಟ್ ಅದರ ಬಗ್ಗೆ. ಟಿಪ್ಸ್ ಕೇಳಿದವನಿಗೆ ಟಿಪ್ಸೇ ಕೊಡ್ತೀನಿ. ಆದ್ರೆ ಮೊದಲು ಒಂದು ರಾತ್ರಿ ಕಥೆ ಕೇಳು.

2/6

ಡಿಸೆಂಬರ್. ಮಂಡ್ಯದಲ್ಲಿ ಗೆಳೆಯರ ಬಾಡಿಗೆ ರೂಮು. ಹತ್ತಡಿ ಹತ್ತಡಿ ಇದ್ರೆ ಹೆಚ್ಚು. ನಾವು ನಾಲ್ಕು ಜನ. ಒಬ್ಬ ಬ್ಯಾಗಲ್ಲಿ ಪಾಟ್ ತಂದಿದ್ದ, ಇನ್ನೊಬ್ಬ ಡಬಲ್ ಆಪಲ್ ಫ್ಲೇವರ್. ಇದ್ದಿಲನ್ನ ಗ್ಯಾಸ್ ಸ್ಟೌ ಮೇಲೆ ಕೆಂಡ ಮಾಡಿದ್ವಿ.

"ಲೇ, ಕಿಟ್ಕಿ ಮುಚ್ಲಾ. ವಾಸ್ನೆ ಕೆಳಕ್ಕೆ ಹೋಯ್ತದೆ, ಓನರ್ ಎದ್ ಬತ್ತಾನೆ."

ಮುಚ್ಚಿದ್ವಿ. ಬಾಗಿಲ ಸಂದಿಗೆ ಟವೆಲ್ ಕೂಡ ತುರುಕಿದ್ವಿ. ಆಗ ಅದು ದೊಡ್ಡ ಬುದ್ಧಿವಂತಿಕೆ ಅನ್ನಿಸಿತ್ತು.

ಮುಕ್ಕಾಲು ಗಂಟೆ ಚೆನ್ನಾಗೇ ಇತ್ತು. ಹಾಡು, ನಗು, ರಿಂಗ್ ಬಿಡೋ ಪ್ರಯತ್ನ. ತಲೆ ಹಗುರ ಆದಂಗೆ ಆಯ್ತು. "ಕಿಕ್ ಏರ್ತಾ ಅದೆ ಕಣ್ರೋ" ಅಂದ ಒಬ್ಬ. ಎಲ್ಲರಿಗೂ ಸಣ್ಣಗೆ ತಲೆನೋವು ಇತ್ತು, ಯಾರೂ ಹೇಳಲಿಲ್ಲ. ಮೊದಲ ಸಲ ಸೇದೋನು ತಲೆನೋವು ಅಂದ್ರೆ ಮರ್ಯಾದೆ ಹೋಗಲ್ವಾ?

ನೀರು ಕುಡಿಯೋಕೆ ಅಂತ ಎದ್ದವನು ಒಬ್ಬ ಅಲ್ಲೇ ಕುಸಿದ. ಮುಖಕ್ಕೆ ನೀರು ಹಾಕಿದ್ವಿ. ಕಣ್ಣು ಬಿಟ್ಟ, ವಾಂತಿ ಮಾಡಿದ, ಮತ್ತೆ ಮಂಪರು. ಬೈಕಲ್ಲಿ ಮಧ್ಯ ಕೂರಿಸ್ಕೊಂಡು ಒಂದು ಕ್ಲಿನಿಕ್‌ಗೆ ಓಡಿದ್ವಿ.

ಏನಾಯ್ತು ಅಂತ ಡಾಕ್ಟರ್ ಕೇಳಿದ್ರು.

"ಬೆಳಿಗ್ಗೆಯಿಂದ ಊಟ ಮಾಡಿಲ್ಲ ಸರ್, ಗ್ಯಾಸ್ಟ್ರಿಕ್ ಇರ್ಬೇಕು."

ಹೇಳಿದ್ದು ನಾನೇ. ಬೆರಳಿಗೆ ಕ್ಲಿಪ್ ಹಾಕಿದ್ರು, 98 ತೋರಿಸ್ತು. ನೋಡಿ, ಆಕ್ಸಿಜನ್ ಸರಿ ಇದೆ ಅಂತ ನಮಗೂ ಸಮಾಧಾನ. ಹತ್ತು ನಿಮಿಷ ಆದ್ಮೇಲೆ ನಮ್ಮಲ್ಲಿ ಒಬ್ಬ ತಡೀಲಾರದೆ ಒಳಗೆ ಹೋಗಿ ನಿಜ ಹೇಳ್ದ. ಇದ್ದಿಲು ಅನ್ನೋ ಪದ ಕೇಳಿದ ತಕ್ಷಣ ಡಾಕ್ಟರ್ ಮುಖ ಬದಲಾಯ್ತು. ಮಾಸ್ಕ್ ಹಾಕಿದ್ರು, ಸಿಲಿಂಡರ್ ತಿರುಗಿಸಿದ್ರು, ದೊಡ್ಡ ಆಸ್ಪತ್ರೆಗೆ ಕಳಿಸಿದ್ರು.

ಅವನು ಚೆನ್ನಾಗಿದ್ದಾನೆ. ಇದನ್ನ ಬರೀತೀನಿ ಅಂದಾಗ "ಹೆಸರು ಹಾಕ್ಬೇಡ, ಉಳಿದಿದ್ದು ಪೂರ್ತಿ ಹಾಕು" ಅಂದ.

3/6

ಆ 98 ಯಾಕೆ ಬಂತು? ಆ ರಾತ್ರಿ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳ್ಕೊಂಡೆ.

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರೋದು ಹಿಮೋಗ್ಲೋಬಿನ್. ಈ ಅನಿಲ ಅದಕ್ಕೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟ್ಕೊಳ್ಳುತ್ತೆ. ಬಸ್ಸು ಅದೇ, ಸೀಟೆಲ್ಲಾ ಬೇರೆಯವರು ಹಿಡ್ಕೊಂಡು ಕೂತಿರ್ತಾರೆ, ಆಕ್ಸಿಜನ್ ಸ್ಟಾಪಲ್ಲೇ ನಿಂತಿರುತ್ತೆ. ಬೆರಳಿಗೆ ಹಾಕೋ ಸಾಮಾನ್ಯ ಆಕ್ಸಿಮೀಟರ್‌ಗೆ ಸೀಟಲ್ಲಿ ಇರೋದು ಯಾರು ಅಂತ ಗೊತ್ತಾಗಲ್ಲ. ಬಸ್ ತುಂಬಿದೆ ಅಂತಷ್ಟೇ ತೋರಿಸುತ್ತೆ. ಅದಕ್ಕೇ 98.

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು, ಮಂಪರು. ಇವೆಲ್ಲಾ ಈ ಅನಿಲದ ಲಕ್ಷಣ. ನಾವು "ಕಿಕ್" ಅಂತ ಖುಷಿಪಟ್ಟಿದ್ದರಲ್ಲಿ ಒಂದು ಪಾಲು ನಿಕೋಟಿನ್, ಇನ್ನೊಂದು ಪಾಲು ಇದು. ಅಂದ್ರೆ ಮಿದುಳಿಗೆ ಗಾಳಿ ಸಾಲ್ತಿಲ್ಲ ಅನ್ನೋದನ್ನೇ ನಾವು ಮಜಾ ಅಂತ ಕರೀತಿದ್ವಿ.

ಚಳಿಗಾಲದಲ್ಲಿ ಮುಚ್ಚಿದ ರೂಮಲ್ಲಿ ಕೆಂಡ ಇಟ್ಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನೋ ಸುದ್ದಿ ಪೇಪರಲ್ಲಿ ಓದಿರ್ತೀರ. ಆ ಕೆಂಡಕ್ಕೂ ಹುಕ್ಕಾ ಚಿಲುಮೆ ಮೇಲಿನ ಕೆಂಡಕ್ಕೂ ವ್ಯತ್ಯಾಸ ಇಲ್ಲ. ಹುಕ್ಕಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಆ ಗಾಳಿನ ಪೈಪ್ ಹಾಕಿ ನೇರ ಶ್ವಾಸಕೋಶಕ್ಕೆ ಎಳ್ಕೋತೀವಿ.

ನಮ್ಮಜ್ಜಿ ಮನೇಲಿ ಬಾಣಂತಿಗೆ ಕೆಂಡ ಇಟ್ಟಾಗಲೂ ಬಾಗಿಲು ಪೂರ್ತಿ ಹಾಕ್ತಿರಲಿಲ್ಲ. ಅಜ್ಜಿಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲ, ಕೆಂಡ ಗೊತ್ತಿತ್ತು.

4/6

ಈಗ ಟಿಪ್ಸ್. ರೀಲ್ಸಲ್ಲಿ ಓಡಾಡ್ತಿರೋದನ್ನ ಒಂದೊಂದಾಗಿ ನೋಡೋಣ.

"ನೀರಿಗೆ ಐಸ್ ಹಾಕಿ, ಸ್ಮೂತ್ ಆಗುತ್ತೆ."
ನೀರು ಹೊಗೆನ ತಣ್ಣಗೆ ಮಾಡುತ್ತೆ, ತೊಳೆಯಲ್ಲ. ಒಂದಿಷ್ಟು ನಿಕೋಟಿನ್ ನೀರಲ್ಲಿ ಉಳಿಯಬಹುದು. ಕಾರ್ಬನ್ ಮೊನಾಕ್ಸೈಡ್, ಟಾರ್, ಲೋಹದ ಕಣ ಎಲ್ಲಾ ಬಬಲ್ ಜೊತೆ ದಾಟ್ಕೊಂಡು ಬರ್ತವೆ. ಬಿಸಿ ಇಲ್ಲದ್ದಕ್ಕೆ ಗಂಟಲು ಬೇಡ ಅನ್ನಲ್ಲ, ಅದಕ್ಕೇ ಇನ್ನೂ ಆಳಕ್ಕೆ ಎಳೀತೀವಿ.

"ತೆಂಗಿನ ಚಿಪ್ಪಿನ ಇದ್ದಿಲು ತಗೊಳ್ಳಿ, ನ್ಯಾಚುರಲ್."
ತೆಂಗಿನ ಬಗ್ಗೆ ಮದ್ದೂರವರಿಗೆ ಹೇಳ್ಕೊಡ್ತೀರಾ? ಎಳನೀರು ಮಾರ್ಕೆಟ್ ನಮ್ದು. ಬೇಗ ಹತ್ತೋ ಇದ್ದಿಲಿಗೆ ಹಾಕೋ ಕೆಮಿಕಲ್ ಇದರಲ್ಲಿ ಇಲ್ಲ, ಒಪ್ಪಿದೆ. ಆದ್ರೆ ಚಿಪ್ಪು ಉರಿದ್ರೂ ಬರೋದು ಅದೇ ಅನಿಲ.

"ಹರ್ಬಲ್ ತಗೊಳ್ಳಿ, ತಂಬಾಕು ಇಲ್ಲ."
ನಿಕೋಟಿನ್ ಇರಲ್ಲ. ಕೆಂಡ ಇರುತ್ತೆ, ಹೊಗೆ ಇರುತ್ತೆ. ನನ್ನ ಗೆಳೆಯ ಕುಸಿದಿದ್ದು ನಿಕೋಟಿನ್‌ಗೆ ಅಲ್ಲ.

"ಫ್ಲೇವರ್ ಸಿಹಿಯಾಗಿರ್ಲಿ."
ಆ ಸಿಹಿ ಏನು ಗೊತ್ತಾ? ಕಾಕಂಬಿ, ಗ್ಲಿಸರಿನ್, ಎಸೆನ್ಸ್. ಉತ್ತರ ಭಾರತದ ಹಳ್ಳಿ ಹುಕ್ಕಾದ ತಂಬಾಕಿಗೆ ಬೆಲ್ಲಾನೇ ಕಲಸ್ತಾರೆ. ಆಲೆಮನೆ ಊರಿನ ನಾವು ಬೆಲ್ಲ ತಿಂದು ಬೆಳೆದೋರು, ಸುಟ್ಟು ಸೇದಬೇಕಾ?

"ಸಣ್ಣಗೆ, ನಿಧಾನಕ್ಕೆ ಎಳೀರಿ, ಕೆಮ್ಮು ಬರಲ್ಲ."
ಸಿಗರೇಟು ಐದು ನಿಮಿಷಕ್ಕೆ ಮುಗಿಯುತ್ತೆ. ಹುಕ್ಕಾ ಒಂದು ಗಂಟೆ ನಡೆಯುತ್ತೆ. ಒಂದು ಸಲ ಕೂತ್ರೆ 100 ಅಥವಾ ಅದಕ್ಕೂ ಹೆಚ್ಚು ಸಿಗರೇಟಿನಷ್ಟು ಹೊಗೆ ಒಳಗೆ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ. ಗಮನಿಸಿ, ಲೆಕ್ಕ ಹೊಗೆಯ ಪ್ರಮಾಣದ್ದು.

"ಪೈಪ್ ಒಂದೇ ಸಾಕು, ಶೇರ್ ಮಾಡಿ."
ಒಬ್ಬನ ಎಂಜಲು ಲೋಟ ಇನ್ನೊಬ್ಬ ಮುಟ್ಟದ ಮನೆಗಳಿಂದ ಬಂದೋರು, ಪೈಪ್ ಮಾತ್ರ ನಾಲ್ಕು ಬಾಯಿಗೆ! ಕ್ಷಯದಿಂದ ಹಿಡಿದು ತುಟಿ ಹುಣ್ಣಿನವರೆಗೂ ದಾರಿ ಅದು.

ಈ ಟಿಪ್ಸ್ ಎಲ್ಲದರ ಗುರಿ ಒಂದೇ: ಕೆಮ್ಮು ಬರಬಾರದು. ಕೆಮ್ಮು ಅಂದ್ರೆ ಮೈ "ಬೇಡ ಕಣಪ್ಪ" ಅಂತ ಹೇಳೋದು. ಅದರ ಬಾಯಿ ಮುಚ್ಚಿಸೋದನ್ನ ನಾವು ಟಿಪ್ಸ್ ಅಂತಿದೀವಿ.

5/6

ಕಾಮೆಂಟಲ್ಲಿ ಬರೋ ಎರಡು ಮಾತಿಗೆ ಮೊದಲೇ ಉತ್ತರ.

ಒಂದು: "ಇದು ನಮ್ಮ ಕಲ್ಚರ್ ಬ್ರೋ. ಶರೀಫಜ್ಜನೇ ಗುಡುಗುಡಿ ಮೇಲೆ ಹಾಡು ಬರ್ದಿದಾರೆ."

ಬರ್ದಿದಾರೆ. ರೀಲ್ಸಲ್ಲಿ ಹೊಗೆ ಬಿಡುವಾಗ ಹಿಂದೆ ಹಾಕೋದಕ್ಕಲ್ಲ. ಶಿಶುನಾಳ ಶರೀಫರದ್ದು ತತ್ವಪದ. ಅಲ್ಲಿ ಗುಡುಗುಡಿ ಅಂದ್ರೆ ದೇಹ, ಮನಸ್ಸು, ಸಾಧನೆ. ಪೂರ್ತಿ ಹಾಡು ಒಂದು ಸಲ ಕೂತು ಕೇಳಿ, ಆಮೇಲೆ ಆಡಿಯೋ ಹಾಕಿ.

ಕಲ್ಚರ್ ಬೇಕು ಅಂದ್ರೆ ಇನ್ನೂ ಇದೆ. ಅಕ್ಬರನ ಆಸ್ಥಾನಕ್ಕೆ ತಂಬಾಕು ಹೋಗಿದ್ದು ನಮ್ಮ ವಿಜಯಪುರದಿಂದ. 1600ರ ಆಸುಪಾಸಿನಲ್ಲಿ ಆದಿಲ್‌ಶಾಹಿ ರಾಜಧಾನಿಗೆ ಬಂದಿದ್ದ ರಾಯಭಾರಿ ಅಸದ್ ಬೇಗ್ ತಗೊಂಡು ಹೋದ. ಬಾದಶಹ ಒಂದೆರಡು ದಮ್ ಎಳೆದಾಗ ಆಸ್ಥಾನದ ವೈದ್ಯರು ಬೇಡ ಅಂದ್ರು ಅಂತ ಅವನೇ ಬರೆದಿಟ್ಟಿದ್ದಾನೆ. ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇದೋದನ್ನೇ ನಿಷೇಧಿಸಿದ. ಬ್ಯಾನ್ ಹೊಸದಲ್ಲ, "ಬೇಡ" ಅನ್ನೋ ಡಾಕ್ಟರೂ ಹೊಸಬರಲ್ಲ. ಬೀದರ್‌ನ ಬಿದ್ರಿ ಕೆಲಸದ ಹುಕ್ಕಾ ಬುಡಗಳು ಇವತ್ತು ಲಂಡನ್, ನ್ಯೂಯಾರ್ಕ್ ಮ್ಯೂಸಿಯಮ್ಮಲ್ಲಿ ಇವೆ. ಕಪ್ಪು ಲೋಹದ ಮೇಲೆ ಬೆಳ್ಳಿ ಬಳ್ಳಿ. ಎಷ್ಟು ಚಂದ ಅಂದ್ರೆ, ಅದನ್ನ ನೋಡ್ತಾ ಕೂರಬಹುದು. ಕಲ್ಚರ್ ಉಳಿಸೋಕೆ ಸೇದಲೇಬೇಕು ಅಂತೇನಿಲ್ಲ.

ಎರಡು: "ಸಿಗರೇಟ್ ಮೂಲೆ ಮೂಲೇಲಿ ಸಿಗುತ್ತೆ, ಹುಕ್ಕಾ ಮಾತ್ರ ಯಾಕೆ ಬ್ಯಾನ್?"

ಈ ಪ್ರಶ್ನೆ ನ್ಯಾಯದ್ದೇ. ನನಗೂ ಪೂರ್ತಿ ಉತ್ತರ ಇಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಯೋ ರೈತರ ಬದುಕು ಇದೆ, ಬೀಡಿ ಕಟ್ಟೋರ ಬದುಕು ಇದೆ, ತೆರಿಗೆ ಇದೆ. ಆದ್ರೆ ಒಂದು ತಪ್ಪು ಇನ್ನೂ ನಡೀತಾ ಇದೆ ಅಂದ್ಮಾತ್ರಕ್ಕೆ ಇನ್ನೊಂದು ತಪ್ಪಿಗೆ ಲೈಸೆನ್ಸ್ ಸಿಗಲ್ಲ. ಬ್ಯಾನ್ ಸರಿ ಅಂತಲೇ ನನ್ನ ಅಭಿಪ್ರಾಯ.

6/6

ಆದ್ರೂ ಬ್ಯಾನ್ ಅರ್ಧ ಕೆಲಸ ಮಾತ್ರ ಮಾಡಿದೆ.

ಬಾರಲ್ಲಿ ದೊಡ್ಡ ಹಾಲ್ ಇರ್ತಿತ್ತು, ಬಾಗಿಲು ತೆಗೆದು ಮುಚ್ಚಿ ಆಗ್ತಿತ್ತು, ಬಿದ್ರೆ ನೋಡೋಕೆ ನಾಲ್ಕು ಜನ ಇರ್ತಿದ್ರು. ಅಲ್ಲಿಯ ಹೊಗೆಯೂ ವಿಷವೇ, ಅನುಮಾನ ಇಲ್ಲ. ಮನೇಲಿ ಅದರ ಜೊತೆ ಇನ್ನೊಂದು ಸೇರ್ಕೊಳ್ಳುತ್ತೆ: ಗುಟ್ಟು. ಅಮ್ಮನಿಗೆ ಗೊತ್ತಾಗಬಾರದು, ಓನರ್‌ಗೆ ಗೊತ್ತಾಗಬಾರದು, ಪೊಲೀಸ್‌ಗೆ ಗೊತ್ತಾಗಬಾರದು. ಅದಕ್ಕೆ ಕಿಟಕಿ ಮುಚ್ಚಬೇಕು. ಕಿಟಕಿ ಮುಚ್ಚಿದ್ರೆ ಗಾಳಿ ಸಾಯುತ್ತೆ. ಬಿದ್ದಮೇಲೆ ಬಾಯಿನೂ ಮುಚ್ಚಬೇಕು, ಆಗ ಡಾಕ್ಟರಿಗೂ ಸುಳ್ಳು. ಆ ರಾತ್ರಿ ನನ್ನ ಗೆಳೆಯನಿಗೆ ಇದ್ದಿಲು ಎಷ್ಟು ಅಪಾಯ ಮಾಡ್ತೋ, ನಾನು ಹೇಳಿದ ಒಂದು ಗ್ಯಾಸ್ಟ್ರಿಕ್ ಅಷ್ಟೇ ಅಪಾಯ ಮಾಡ್ತು.

ಅದಕ್ಕೇ ಮನೆ ಹುಕ್ಕಾಗೆ ಸೇಫ್ ಟಿಪ್ ಅನ್ನೋದು ಇಲ್ಲ. "ಕಿಟಕಿ ತೆಗೀರಿ" ಅಂತ ಹೇಳಬಹುದು. ಕಿಟಕಿ ತೆಗೆದು ಸೇದೋ ಹಂಗಿದ್ರೆ ನೀವು ಬಚ್ಚಿಟ್ಕೊಂಡು ರೂಮಿಗೆ ಬರ್ತಾನೇ ಇರಲಿಲ್ಲ. ತೆಗೆದ್ರೂ ಪೈಪಲ್ಲಿ ಬರೋದು ಅದೇ ಹೊಗೆ.

ಹಂಗಾಗಿ ಪಿಯುಸಿ ತಮ್ಮ, ನಿನಗೆ ನನ್ನ ಟಿಪ್ಸ್ ಇಷ್ಟೇ.

ಪಾಟ್ ತಗೊಂಡಿಲ್ಲ ಅಂದ್ರೆ ತಗೋಬೇಡ. ನಿನಗೂ 21 ಆಗಿಲ್ಲ, ನನಗೂ ಆಗಿಲ್ಲ.

ತಗೊಂಡಿದ್ರೆ ಇನ್ನೊಬ್ಬನಿಗೆ ಮಾರಬೇಡ. ನಿನ್ನ ತಪ್ಪನ್ನ ಸೆಕೆಂಡ್ ಹ್ಯಾಂಡ್ ಮಾಡಬೇಡ.

ಗೆಳೆಯರ ರೂಮಲ್ಲಿ ಯಾರಾದ್ರೂ ಕೆಂಡ ಹಚ್ಚಿದ್ರೆ, ತಲೆನೋವು ಅಂತ ಮೊದಲು ಹೇಳೋನು ನೀನೇ ಆಗು. ಉಳಿದವರಿಗೂ ನೋಯ್ತಾ ಇರುತ್ತೆ.

ಯಾರಾದ್ರೂ ಬಿದ್ರೆ ಮೊದಲು ಹೊರಗೆ ಗಾಳಿಗೆ ಎಳ್ಕೊಂಡು ಬಾ. ನೀರು, ಈರುಳ್ಳಿ, ಶೂ ವಾಸನೆ ಎಲ್ಲಾ ಬಿಡು. 108ಕ್ಕೆ ಫೋನ್ ಮಾಡು. ನಮ್ಮ ಥರ ಬೈಕಲ್ಲಿ ಸರ್ಕಸ್ ಮಾಡಬೇಡ. "ಮುಚ್ಚಿದ ರೂಮಲ್ಲಿ ಇದ್ದಿಲು ಹಚ್ಚಿದ್ವಿ" ಅನ್ನೋ ಒಂದು ವಾಕ್ಯ ಬಾಯಿಬಿಟ್ಟು ಹೇಳು. ಬೈಗುಳ ಎರಡು ದಿನ ಇರುತ್ತೆ, ಆಮೇಲೆ ಮರೀತಾರೆ.

ಸಂಜೆ ಏನ್ಮಾಡೋದು ಅಂತೀಯಾ? ಶಿಂಷಾ ಕಡೆ ಬಾ. ಬಿಸಿ ವಡೆ ನಾನು ಕೊಡಿಸ್ತೀನಿ. ಅಲ್ಲಿ ಗಾಳಿ ಬೇಕಾದಷ್ಟಿದೆ.

ಪಿಯುಸಿ, ಡಿಗ್ರಿ ಗ್ರೂಪ್‌ಗಳಿಗೆ ಮೂರನೇ ಪೋಸ್ಟ್ ಒಂದನ್ನಾದ್ರೂ ಕಳಿಸಿ. ನಿಮ್ಮ ರೂಮಲ್ಲೂ ಹಿಂಗೆ ಆಗಿದ್ರೆ ಕಾಮೆಂಟಲ್ಲಿ ಹೇಳಿ, ಹೆಸರು ಬೇಡ.

#ಮದ್ದೂರು #ಮಂಡ್ಯಹುಡುಗರು #ಹುಕ್ಕಾ #ಕಿಟಕಿತೆಗೀರಿ