ಕಾಯುವ ದಿನಗಳ ಬರವಣಿಗೆ

545 ಪಿಎಸ್‌ಐ ಹುದ್ದೆಗಳಿಗಾಗಿ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಈ ಎರಡು ವರ್ಷ ಮೂರು ತಿಂಗಳ ಕಾಲ ಪ್ರಾಮಾಣಿಕವಾಗಿ ಪರೀಕ್ಷೆ ಬರೆದವರು ಹೇಗೆ ದಿನ ನೂಕಿದರೆಂದು ಯಾರೂ ವಿಚಾರಿಸಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಅದಕ್ಕೊಂದು ಸಿದ್ಧ ಉತ್ತರವಿದೆ: ‘ಮೊಬೈಲ್ ಹಿಡ್ಕೊಂಡು ಕುಂತಿರ್ತಾನ.’

ಈ ಉತ್ತರವನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ. ಮಧ್ಯರಾತ್ರಿಯವರೆಗೆ ವೀಡಿಯೊ ತುಣುಕುಗಳನ್ನು ಸರಿಸುತ್ತಾ ಕೂರುವುದನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅದೇ ಮೊಬೈಲಿನಲ್ಲಿ ಕೆಲವರು ದಿನಚರಿ ಬರೆಯುತ್ತಾರೆ. ಅದನ್ನು ಐವತ್ತೋ ನೂರೋ ಮಂದಿ ಓದುತ್ತಾರೆ. ಅವರು ಬರೆದುದನ್ನು ಇವರು ಓದಿ ಉತ್ತರಿಸುತ್ತಾರೆ. ಮದುವೆ ಮನೆಗೆ ಹೋದರೆ ‘ಇನ್ನೂ ನೌಕರಿ ಆಗಿಲ್ಲೇನು?’ ಎಂಬ ಪ್ರಶ್ನೆಯನ್ನೇ ಎದುರಿಸುವ ಯುವಕನನ್ನು ಅವನ ಬರವಣಿಗೆಯಿಂದ ಗುರುತಿಸುವ ಸ್ಥಳ ಅದೊಂದೇ. ಪದವಿ ಮುಗಿಸಿ, ತರಬೇತಿಗೆಂದು ಧಾರವಾಡಕ್ಕೆ ಹೋಗಲು ಮನೆಯವರ ಒಪ್ಪಿಗೆ ಸಿಗದೆ ಉಳಿದ ಹೆಣ್ಣುಮಕ್ಕಳ ಪಾಲಿಗಂತೂ ಹೊರ ಜಗತ್ತಿಗಿರುವ ಬಾಗಿಲೇ ಅದು.

ಇದು ಹೊಸ ಹುಚ್ಚೇನೂ ಅಲ್ಲ. ಅಮೆರಿಕದ ವಿದ್ಯಾರ್ಥಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ 1999ರಲ್ಲಿ ‘ಲೈವ್‌ಜರ್ನಲ್’ ಆರಂಭಿಸಿದ್ದು ಚದುರಿಹೋದ ಶಾಲಾ ಗೆಳೆಯರಿಗೆ ತನ್ನ ಸುದ್ದಿ ತಿಳಿಸುತ್ತಿರಲೆಂದು. ಕನ್ನಡದಲ್ಲಿ 2005ರಲ್ಲಿ ‘ಸಂಪದ’ ಬಂತು. ಅದೇ ದಶಕದಲ್ಲಿ ಅಬ್ದುಲ್ ರಶೀದ್ ಅವರ ‘ಕೆಂಡಸಂಪಿಗೆ’ ಬಂತು. ಅಷ್ಟು ದೂರವೇಕೆ? ಅಂದು ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರು ಒಂದೆಡೆ ಕೂತು ಓದಿದರು, ಹಳ್ಳಿಯ ಹೆಂಗಸರ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಆ ಬಳಗದಲ್ಲಿ ಒಬ್ಬ ಧೂಲಾಸಾಹೇಬರಿದ್ದರು ಎಂಬುದನ್ನು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಮಕ್ಕಳಿಗೆ ಹೇಳಿದ್ದಾರೆ?

ಹಾಗೆಂದು ಈ ಬಳಗಗಳು ಬೆಲೆ ಕೇಳುವುದಿಲ್ಲವೆಂದಲ್ಲ. ಎಲ್ಲರ ಬರಹವನ್ನೂ ಓದಲೇಬೇಕು, ಎಲ್ಲರಿಗೂ ಉತ್ತರಿಸಲೇಬೇಕು ಎಂಬ ಹಂಗು ಬೆಳೆದರೆ ಅರ್ಜಿಯ ಕೊನೆಯ ದಿನಾಂಕ ಸದ್ದಿಲ್ಲದೆ ಕಳೆದುಹೋಗುತ್ತದೆ. ಬೆಳಗಿನ ಹೊತ್ತು ಓದಿಗೂ ಅರ್ಜಿಗೂ ಮೀಸಲಾಗಿರಲಿ. ಬಳಗಕ್ಕೆ ಮಗ್ರಿಬ್ ನಂತರದ ಒಂದು ಗಂಟೆ ಸಾಕು. ‘ಪರೀಕ್ಷೆಯಿದೆ, ಒಂದು ತಿಂಗಳು ಬರಲಾರೆ’ ಎಂದು ಬರೆದರೆ ನಿಜವಾದ ಗೆಳೆಯರಾರೂ ಮುನಿಯುವುದಿಲ್ಲ. ಸಂದರ್ಶನದಲ್ಲಿ ಸೋತ ಸಿಟ್ಟಿನಲ್ಲಿ ರಾತ್ರಿ ಬರೆದುದನ್ನು ಬೆಳಿಗ್ಗೆ ಮತ್ತೊಮ್ಮೆ ಓದದೆ ಪ್ರಕಟಿಸಬಾರದು. ನಾಳೆ ಕೆಲಸ ಕೊಡುವವರೂ ಅದನ್ನು ಓದಬಲ್ಲರು. ಬರೆದುದರ ಪ್ರತಿಯೊಂದು ತಮ್ಮ ಬಳಿಯೇ ಇರಲಿ. 2014ರ ಸೆಪ್ಟೆಂಬರ್ 30ರಂದು ಗೂಗಲ್ ‘ಆರ್ಕುಟ್’ ಅನ್ನು ಮುಚ್ಚಿದಾಗ ಎಷ್ಟೋ ಬಳಗಗಳು ಬೀದಿಪಾಲಾದವು.

ಬರವಣಿಗೆಯಿಂದ ಲಾಭವೇನು ಎನ್ನುವವರಿಗೆ ಲೆಕ್ಕವೂ ಇದೆ. ಆ ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆಯ 50 ಅಂಕಗಳು ಪ್ರಬಂಧ, ಸಾರಾಂಶ ಮತ್ತು ಅನುವಾದಕ್ಕೆ ಸಂಬಂಧಿಸಿದವು. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ 250 ಅಂಕ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು ಕಲಿತು ಬಂದ ನಮ್ಮ ಮಕ್ಕಳಿಗೆ ದಿನಕ್ಕೊಂದು ಪುಟ ಕನ್ನಡ ಬರೆಯುವುದಕ್ಕಿಂತ ಅಗ್ಗದ ತರಬೇತಿ ಸಿಗದು. ಆದರೆ ಈ ಲೆಕ್ಕವನ್ನೇ ಮುಂದಿಟ್ಟು ವಾದಿಸಲು ನಮಗೆ ಮನಸ್ಸಿಲ್ಲ. ಅಂಕ ಬರದಿದ್ದರೂ, ಮನುಷ್ಯನನ್ನು ಕುಸಿಯಲು ಬಿಡದ ಬರವಣಿಗೆ ವ್ಯರ್ಥವಲ್ಲ.

ಇನ್ನು ಸರಕಾರದ ಮಾತು. 2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ಗರಿಷ್ಠ ಎರಡು ವರ್ಷ, ತಿಂಗಳಿಗೆ 3,000 ರೂಪಾಯಿ ಎಂದಿತು. ಒಳ್ಳೆಯದೇ. ಆದರೆ ಅದೇ ವರ್ಷ ಆಗಸ್ಟ್ 27ರಂದು 384 ಕೆಎಎಸ್ ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ತಪ್ಪುಗಳಿಂದ ತುಂಬಿತ್ತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳು ಮರುಕಳಿಸಿದವು. ಪ್ರಶ್ನೆ ಕೇಳುವವರಿಗೇ ಕನ್ನಡ ಬಾರದಿದ್ದರೆ ಉತ್ತರಿಸುವವರು ಇನ್ನೆಷ್ಟು ವರ್ಷ ಕಾಯಬೇಕು?

ಈ ನಾಲ್ಕು ಪಟ್ಟಣಗಳ ಅಂಜುಮನ್‌ಗಳು ಮದುವೆಗಾಗಿ ಸಭಾಂಗಣ ಕಟ್ಟಲು ತೋರುವ ಉತ್ಸಾಹದಲ್ಲಿ ಸ್ವಲ್ಪವನ್ನು ಇತ್ತ ತಿರುಗಿಸಲಿ. ಒಂದು ಕೋಣೆ, ಎರಡು ಕಂಪ್ಯೂಟರ್, ಯೂನಿಕೋಡ್ ಕನ್ನಡ ಟೈಪಿಂಗ್ ಕಲಿಸಬಲ್ಲ ಒಬ್ಬರು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ. ಇಷ್ಟಾದರೆ ಅರ್ಜಿಗಳನ್ನೂ ಅಲ್ಲಿಯೇ ತುಂಬಬಹುದು, ದಿನಚರಿಯನ್ನೂ ಅಲ್ಲಿಯೇ ಬರೆಯಬಹುದು. ಅಲ್ಲಿಯವರೆಗೆ, ಮಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮುನ್ನ, ಅವನು ಬರೆದ ಒಂದು ಪುಟವನ್ನು ಹೆತ್ತವರು ಓದಿಸಿ ಕೇಳಲಿ.