ಬಿಳಿ ಕೋಟಿಗೆ ಮುನ್ನ ಆಸ್ಪತ್ರೆಯ ಸಾಲಿಗೆ ಬನ್ನಿ

ಡಾಕ್ಟರಾಗುವ ಕನಸು ಹೊತ್ತು ಬೆಂಗಳೂರಿನ ಕೋಚಿಂಗ್ ಸೆಂಟರುಗಳಲ್ಲಿ ಬೆವರು ಸುರಿಸುತ್ತಿರುವ ಕನ್ನಡದ ಯುವ ಮಿತ್ರರೇ, ರೋಗಿಯ ಮುಖವನ್ನು ಹತ್ತಿರದಿಂದ ನೋಡಿದ್ದೀರಾ? ಅಮೆರಿಕದಲ್ಲಿ ವೈದ್ಯಕೀಯ ಸೀಟು ಕೇಳುವ ಹುಡುಗರು ಮೊದಲು ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡಿ ಬರುತ್ತಾರೆ. ನಮ್ಮಲ್ಲಿ ನೀಟ್ ಅಂಕವೇ ದೇವರು! 2017ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಸರಿ. ರೋಗಿಯ ಕನ್ನಡ ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ.

ರಜೆಗೆ ಊರಿಗೆ ಹೋದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಕಾಲಿಡಿ. ತೆಂಗಿನಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನು, ಮಚ್ಚಿನೇಟಿಗೆ ಬೆರಳು ಸೀಳಿಕೊಂಡವನು, ಕೊಬ್ಬರಿ ಹರಾಜು ಮುಗಿಯಲೆಂದು ಜ್ವರ ಏರಿಸಿಕೊಂಡ ರೈತ... ಇವರ ಕೈಗೆ ಇಂಗ್ಲಿಷ್ ಗೀಚು! ಔಷಧ ಚೀಟಿ ಕನ್ನಡದಲ್ಲಿರಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಸರ್ಕಾರವನ್ನು ಕೇಳಿತು. ಗುಳಿಗೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಫಾರ್ಮಸಿಸ್ಟರನ್ನು ಕೇಳಿ, ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಡಲು ಎಂಬಿಬಿಎಸ್ ಬೇಕೆ?

ಆಡಳಿತ ವೈದ್ಯಾಧಿಕಾರಿಯ ಅನುಮತಿ ಪಡೆಯಿರಿ. ಸೂಜಿ, ಡ್ರೆಸ್ಸಿಂಗ್ ಮುಟ್ಟಬೇಡಿ. ರೋಗಿಯ ಫೋಟೊ ಹೊಡೆಯುವ ಶೋಕಿ ಬೇಡವೇ ಬೇಡ. ಅಜ್ಜಿಗೆ ಹೊರರೋಗಿ ಚೀಟಿ ಮಾಡಿಸಿಕೊಡಿ, ಎಕ್ಸ್‌ರೇ ಕೋಣೆಗೆ ಕರೆದೊಯ್ಯಿರಿ. "ಎದೆ ಹಿಡ್ಕಂಡೈತೆ" ಎಂಬ ಒಂದೇ ಮಾತಿಗೆ ಎಷ್ಟು ಕಾಯಿಲೆಗಳಿವೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಇದರಿಂದ ನೀಟ್‌ಗೆ ಒಂದು ಅಂಕವೂ ಸಿಗದು, ನಿಜ. ಆದರೆ ಈ ವೃತ್ತಿ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಅಪ್ಪ ಲಕ್ಷಗಳನ್ನು ಸುರಿಯುವ ಮುಂಚೆಯೇ ತಿಳಿಯುತ್ತದಲ್ಲ!

ಅರ್ಜಿ ಕನ್ನಡದಲ್ಲೇ ಇರಲಿ. ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ.